ಎರಡು ಪಾಳಿಯ ಮಂಚ

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿ ಬಂದರೆ ಎಡಗಡೆಗೆ ಸಿಗುವ ಮನೆ ಡ್ರೈವರಣ್ಣನದು. ಎದುರಿನ ಬಾಗಿಲು ನಮ್ಮದು. ಆಳು ಎತ್ತರ, ದಪ್ಪ. ಯಾರ ಮನೆಯ ಬಾಗಿಲಾದರೂ ಸರಿ, ಒಳಗೆ ಕಾಲಿಡುವ ಮುಂಚೆ ಅಭ್ಯಾಸದಿಂದ ತಲೆ ಬಗ್ಗಿಸುತ್ತಾರೆ. ಮಾತು ಮಾತ್ರ ಬಹಳ ಕಡಿಮೆ. ವರ್ಷಗಟ್ಟಲೆ ರಾತ್ರಿ ಬಸ್ಸು ಓಡಿಸಿದವರು. ನಾವು ಕೆಲಸ ಮುಗಿಸಿ ಚಪ್ಪಲಿ ಕಳಚುವ ಹೊತ್ತಿಗೆ ಅವರು ಚೀಲ, ಸ್ಟೀಲ್ ಬಾಟಲಿ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ನಾವು ಹಾಲು ತರಲು ಹೊರಟಾಗ ಕಣ್ಣು ಕೆಂಪು ಮಾಡಿಕೊಂಡು ಹತ್ತಿ ಬರುತ್ತಿದ್ದರು. ಬೆಳಗಿನ ಆ ಹೊತ್ತಿನಲ್ಲಿ ಎದುರು ಸಿಕ್ಕವರನ್ನೆಲ್ಲ ಅವರು ಕೇಳುತ್ತಿದ್ದುದು ಒಂದೇ ಮಾತು, "ಊಟ ಆಯ್ತಾ?" ಹಲ್ಲುಜ್ಜದವರೂ "ಆಯ್ತಣ್ಣ" ಎಂದು ಹೇಳಿ ನಗುತ್ತಿದ್ದರು.

ಅವರ ಹೆಂಡತಿ ಹೊಲಿಗೆಯವರು. ನಮಗೆಲ್ಲ ಟೈಲರಕ್ಕ. ಶಾಲೆಯ ಸಮವಸ್ತ್ರ, ಕಿಟಕಿ ಪರದೆ, ದಿಂಬಿನ ಚೀಲ, ಹರಿದ ಅಂಗಿ, ಏನು ಕೊಟ್ಟರೂ ಬೇಡ ಎನ್ನದವರು. ಮನೆ ಎಂದರೆ ಒಂದು ಹಾಲ್, ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ಬೆಳಕು ಚೆನ್ನಾಗಿ ಬರುತ್ತದೆಂದು ಮಿಷನ್ನು ಅಲ್ಲಿ ಕೂತಿತ್ತು. ಅದು ಬೆಳಗ್ಗೆ ಶುರುವಾದರೆ ಸಂಜೆಯವರೆಗೆ ಗಡಗಡ. ಹಾಗಾಗಿ ಡ್ರೈವರಣ್ಣನ ಹಗಲಿನ ನಿದ್ದೆ ಹಾಲಿನಲ್ಲಿ, ನೆಲದ ಮೇಲೆ ಚಾಪೆ ಹಾಕಿಕೊಂಡು. ಮಗಳು ಮದುವೆಯಾಗಿ ದೂರದಲ್ಲಿದ್ದಳು. ಮನೆಯಲ್ಲಿ ಇಬ್ಬರೇ. ಒಬ್ಬರು ಎದ್ದಾಗ ಒಬ್ಬರು ಮಲಗಿರುವ ಸಂಸಾರ.

ಹೀಗಿರುವಾಗ ಟೈಲರಕ್ಕನ ಅಪ್ಪ ತೀರಿಕೊಂಡರು. ಅಮ್ಮ ಇದ್ದದ್ದು ಬಾಡಿಗೆ ಮನೆ. ಒಬ್ಬರೇ ಇರುವುದು ಬೇಡ, ನಮ್ಮಲ್ಲಿಗೆ ಬಂದುಬಿಡು ಎಂದು ಮಗಳು ಕರೆದರೆ ಆ ಅಜ್ಜಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕೊನೆಗೆ ಒಂದು ದಿನ ಬಾಯಿಬಿಟ್ಟರು. ಬರುತ್ತೇನೆ, ಆದರೆ ಮಂಚವೂ ಬರಬೇಕು.

ಟೈಲರಕ್ಕನಿಗೆ ತಲೆ ಬಿಸಿಯಾಯಿತು. ಅದೇನು ಸಾಮಾನ್ಯ ಮಂಚವಲ್ಲ, ಗಟ್ಟಿ ಮರದ್ದು, ನಾಲ್ಕು ಜನ ಹೊರಬೇಕು, ಎಲ್ಲಿಡುವುದು ಎಂದು ಗೊಣಗಿದರು. ಡ್ರೈವರಣ್ಣ ರಜೆಯ ದಿನ ಪರಿಚಯದವನೊಬ್ಬನ ಸಣ್ಣ ಲಾರಿ ತೆಗೆದುಕೊಂಡು ಹೋಗಿ ಅತ್ತೆಯನ್ನು ಮುಂದೆ ಕೂರಿಸಿಕೊಂಡು, ಮಂಚವನ್ನು ಹಿಂದೆ ಹಾಕಿಕೊಂಡು ಬಂದರು.

ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ, ಮೆಟ್ಟಿಲು ಇಕ್ಕಟ್ಟು. ಮಂಚ ಒಂದನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಹಿಂದಕ್ಕೂ ಹೋಗದು, ಮುಂದಕ್ಕೂ ಬಾರದು. ಮೇಲಿದ್ದವರು ಇಳಿಯಲಾರದೆ, ಕೆಳಗಿದ್ದವರು ಹತ್ತಲಾರದೆ, ಪ್ರತಿಯೊಬ್ಬರೂ ಒಂದೊಂದು ಸಲಹೆ ಕೊಡುತ್ತ ನಿಂತರು. ಡ್ರೈವರಣ್ಣ ಕಣ್ಣು ಕಿರಿದು ಮಾಡಿ, ಇಕ್ಕಟ್ಟಿನ ಗಲ್ಲಿಯಲ್ಲಿ ಬಸ್ಸು ತಿರುಗಿಸುವವರ ಹಾಗೆ ಅಳತೆ ನೋಡಿದರು. ಆಮೇಲೆ ಮಂಚವನ್ನು ನೆಟ್ಟಗೆ ನಿಲ್ಲಿಸಿ, ಮೆಟ್ಟಿಲ ಕಟಕಟೆಯ ಮೇಲಿಂದ ಎತ್ತಿ ಆಚೆ ದಾಟಿಸಿಬಿಟ್ಟರು. ಇಡೀ ಕಟ್ಟಡ ಕಣ್ತುಂಬ ನೋಡಿತು. ಆ ಮಂಚದ ಬಗ್ಗೆ ತಿಳಿಯದವರು ನಮ್ಮಲ್ಲಿ ಆಮೇಲೆ ಯಾರೂ ಉಳಿಯಲಿಲ್ಲ.

ಮಂಚ ಹಾಲಿನ ಗೋಡೆಗೆ ಸೇರಿತು. ಅದರ ಪಕ್ಕದಲ್ಲಿ ಉಳಿದ ಜಾಗದಲ್ಲಿ ಡ್ರೈವರಣ್ಣನ ಚಾಪೆ. ಮೊದಲ ಬೆಳಗ್ಗೆ ಅವರು ಬಂದು ಹಾಗೆಯೇ ನೆಲದ ಮೇಲೆ ಉರುಳಿಕೊಂಡದ್ದನ್ನು ಅಜ್ಜಿ ಅಡುಗೆಮನೆಯ ಬಾಗಿಲಿನಿಂದ ನೋಡಿದರು. ಮಾರನೇ ಬೆಳಗ್ಗೆ ಬಂದಾಗ ಚಾಪೆ ಕಾಣಲಿಲ್ಲ. ಮಂಚದ ಮೇಲೆ ಒಗೆದ ಹೊದಿಕೆ ಹಾಸಿತ್ತು, ದಿಂಬಿಗೆ ಬೇರೆ ಚೀಲ ಹಾಕಿತ್ತು. ಅಜ್ಜಿ ಅಡುಗೆಮನೆಯಲ್ಲಿ ಬೆನ್ನು ಮಾಡಿ ಕೂತಿದ್ದರು. ಡ್ರೈವರಣ್ಣ ಸ್ವಲ್ಪ ಹೊತ್ತು ನಿಂತು ನೋಡಿ, ಕಾಲು ತೊಳೆದುಕೊಂಡು ಬಂದು ಮಂಚದ ಮೇಲೆ ಮಲಗಿದರು. ಸಂಜೆ ಎದ್ದು ತಮ್ಮ ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಚಿ ಕಪಾಟಿನಲ್ಲಿಟ್ಟರು. ಅಂದಿನಿಂದ ರಾತ್ರಿ ಪಾಳಿ ಅಜ್ಜಿಯದು, ಹಗಲು ಪಾಳಿ ಅಳಿಯನದು. ಈ ಬಗ್ಗೆ ಅತ್ತೆ ಅಳಿಯನ ನಡುವೆ ಒಂದು ಮಾತೂ ಆಗಲಿಲ್ಲ.

ಹಾಗೆ ನೋಡಿದರೆ ಅವರಿಬ್ಬರ ನಡುವೆ ಯಾವ ವಿಷಯಕ್ಕೂ ಮಾತು ಇರಲಿಲ್ಲ. ಜಗಳವೇನಲ್ಲ. ಇಬ್ಬರೂ ಸಂಕೋಚದ ಮುದ್ದೆ. ಅಜ್ಜಿಗೆ ಏನಾದರೂ ಕೇಳಬೇಕಿದ್ದರೆ ಮಗಳಿಗೆ ಹೇಳುವರು, "ನಿಮ್ಮ ಯಜಮಾನರಿಗೆ ಇನ್ನೊಂಚೂರು ಬೇಕಾ ಕೇಳು." ಯಜಮಾನರು ಎರಡಡಿ ದೂರದಲ್ಲೇ ಕೂತು ತಿನ್ನುತ್ತಿರುವರು. ಅವರು ಹೆಂಡತಿಗೆ, "ಸಾಕು ಅಂತ ಹೇಳು ಅತ್ತೆಗೆ" ಎನ್ನುವರು. ನಡುವೆ ಟೈಲರಕ್ಕ ಟಪಾಲು ಸಾಗಿಸಬೇಕು. ಇಬ್ಬರಿಗೂ ಕೇಳಿಸಿದ್ದನ್ನೇ ಮತ್ತೆ ಹೇಳಿ ಹೇಳಿ ಅವರಿಗೆ ರೋಸಿಹೋಗುತ್ತಿತ್ತು.

ಆದರೆ ಹಗಲು ಹೊತ್ತು ನಾನು ಮನೆಯಲ್ಲಿದ್ದ ದಿನ ಎದುರು ಮನೆಯ ಕಾವಲು ನೋಡುತ್ತಿದ್ದೆ. ಬೆಲ್ಲಿನ ಗುಂಡಿಯ ಮೇಲೆ ಅಜ್ಜಿ ಅಂಟುಪಟ್ಟಿ ಹಚ್ಚಿದ್ದರು. ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂತು, ಮೆಟ್ಟಿಲಲ್ಲಿ ಯಾರೇ ಬಂದರೂ ತುಟಿಯ ಮೇಲೆ ಬೆರಳಿಡುತ್ತಿದ್ದರು. ಸಾಬೂನು ಮಾರಲು ಬಂದವನು ಬಾಯಿ ತೆರೆಯುವ ಮೊದಲೇ ಕೈಸನ್ನೆಯಲ್ಲಿ ಇಳಿದುಹೋಗುತ್ತಿದ್ದ. ಕುಕ್ಕರು ಕೂಗುವ ಸೂಚನೆ ಸಿಕ್ಕರೆ ಓಡಿಹೋಗಿ ಒಲೆ ಆರಿಸುತ್ತಿದ್ದರು. ಕೋಣೆಯ ಮಿಷನ್ನು ಮಾತ್ರ ಅವರ ಅಧಿಕಾರದ ಹೊರಗಿತ್ತು. ಅದಕ್ಕೂ ಅಡಿಯಲ್ಲಿ ಹಳೇ ಕಂಬಳಿ ಮಡಿಚಿ ಇಟ್ಟರು. ಇತ್ತ ಡ್ರೈವರಣ್ಣ ಮಂಚದ ಒಂದು ಕಾಲು ಕುಂಟುವುದನ್ನು ಕಂಡು ಡಿಪೋದಿಂದ ರಬ್ಬರು ತಂದು ಕತ್ತರಿಸಿ ಅದರಡಿಗೆ ಕೊಟ್ಟರು. ಬೆಳಗಿನ ನಿಲ್ದಾಣದಲ್ಲಿ ಒಳ್ಳೆ ಹಣ್ಣು ಕಂಡರೆ ಕೊಂಡು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಡುತ್ತಿದ್ದರು. ಯಾರಿಗೆ ಎಂದು ಹೇಳುತ್ತಿರಲಿಲ್ಲ. ಹಲ್ಲಿಲ್ಲದವರು ತಿನ್ನಬಹುದಾದ ಮೆತ್ತನೆಯ ಹಣ್ಣೇ ಯಾವಾಗಲೂ.

ಆ ವರ್ಷದ ಬೇಸಿಗೆಯಲ್ಲಿ ತಿಗಣೆ ಕಾಣಿಸಿಕೊಂಡಿತು.

ಮೊದಲು ಗೊತ್ತಾದದ್ದು ಅಜ್ಜಿಗೆ. ಮೊಣಕೈ ಕೆಳಗೆ ಸಾಲಾಗಿ ಕೆಂಪು ಗಂಧೆ ಎದ್ದಿದ್ದವು. ಹಾಸಿಗೆಯ ಹೊಲಿಗೆ ಬಿಡಿಸಿ ನೋಡಿದರೆ ಮಸಿ ಚುಕ್ಕೆ ಇಟ್ಟಂತೆ ಕಪ್ಪು ಗುರುತು, ಪಕ್ಕದಲ್ಲೇ ಚಪ್ಪಟೆಯಾಗಿ ಕೂತಿದ್ದ ಒಂದು ಪ್ರಾಣಿ. ಉಗುರಿನಲ್ಲಿ ಅಮುಕಿದಾಗ ಬಂದ ನಾತದಿಂದಲೇ ಅವರಿಗೆ ಅದು ತಿಗಣೆಯೆಂದು ಖಾತ್ರಿಯಾಯಿತು. ನನ್ನ ಮಂಚದಲ್ಲೇ ಬಂದಿರಬೇಕು, ಅಳಿಯನ ಮನೆಗೆ ನಾನು ತಂದ ಉಡುಗೊರೆ ಇದು ಎಂದು ಕುಗ್ಗಿಹೋದರು. ಮಗಳಿಗೆ ಹೇಳಲಿಲ್ಲ. ಅಳಿಯ ಕೆಲಸಕ್ಕೆ ಹೋದ ಮೇಲೆ ನೆಲ ತೊಳೆಯುವ ನೆಪದಲ್ಲಿ ನೀರು ಕುದಿಸಿ ಮಂಚದ ಸಂದುಗಳಿಗೆ ಹೊಯ್ಯತೊಡಗಿದರು.

ಹೆಚ್ಚುಕಡಿಮೆ ಆ ದಿನಗಳಲ್ಲೇ ಡ್ರೈವರಣ್ಣನಿಗೂ ಕತ್ತು ತುರಿಸತೊಡಗಿತು. ರಾತ್ರಿ ಬಸ್ಸು ಹೋಗಿ ನಿಲ್ಲುವ ಊರಿನಲ್ಲಿ ಸಿಬ್ಬಂದಿ ಮಲಗುವ ಕೋಣೆಯೊಂದಿದೆ. ಅಲ್ಲಿನ ಹಾಸಿಗೆಯ ಮೇಲೆ ಅವರು ತಿಗಣೆ ಕಂಡಿದ್ದರು. ನನ್ನ ಚೀಲಕ್ಕೇ ಹತ್ತಿಕೊಂಡು ಬಂದಿವೆ, ಪಾಪ ವಯಸ್ಸಾದವರ ಮಂಚ ಕೆಡಿಸಿದೆ ಎಂದು ಅವರ ಲೆಕ್ಕ. ಅವರೂ ಬಾಯಿಗೆ ಬೀಗ ಹಾಕಿಕೊಂಡರು. ಅಂಗಡಿಯಿಂದ ಸಿಂಪಡಿಸುವ ಔಷಧಿಯ ಡಬ್ಬಿ ತಂದು ಚೀಲದ ತಳದಲ್ಲಿ ಬಚ್ಚಿಟ್ಟು, ಅಜ್ಜಿ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಬುಸ್ಸೆಂದು ಹೊಡೆದು ಕಿಟಕಿ ತೆರೆಯುತ್ತಿದ್ದರು. ಇಳಿದು ಬಂದ ಅಜ್ಜಿ, ಯಾರ ಮನೆಯಲ್ಲೋ ಬಣ್ಣ ಬಳಿಯುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಮಂಚ ಯಾಕೋ ತೇವ ಇರುತ್ತದಲ್ಲ ಎಂದು ಅಳಿಯನಿಗೆ ಅನಿಸಿದರೂ, ಕೇಳುವುದಾದರೂ ಯಾರನ್ನು?

ತಿಗಣೆಗಳಿಗೆ ಇದರಿಂದ ತೊಂದರೆಯೇನೂ ಆಗಲಿಲ್ಲ. ರಾತ್ರಿ ಒಬ್ಬರು, ಹಗಲು ಒಬ್ಬರು, ಊಟ ಸದಾ ತಯಾರು. ಬಿಸಿನೀರಿಗೆ ಹೆದರಿದವು ಗೋಡೆಯ ಬಿರುಕಿಗೆ ಹೋದವು, ಔಷಧಿಗೆ ಹೆದರಿದವು ಕರೆಂಟಿನ ಪೈಪು ಹಿಡಿದು ಆಚೆ ಮನೆಗಳಿಗೆ ಹೋದವು. ಕಡೆಗೆ ನಮ್ಮಲ್ಲಿಗೂ ಬಂದವು.

ಗುಟ್ಟು ರಟ್ಟಾದದ್ದು ಟೈಲರಕ್ಕನಿಂದ. ಒಂದು ಬೆಳಗ್ಗೆ ಹೊದಿಕೆ ಬದಲಿಸುವಾಗ ಬಿಳಿ ಬಟ್ಟೆಯ ಮೇಲೆ ತುಕ್ಕಿನ ಬಣ್ಣದ ಕಲೆ ಕಂಡು ಹಾಸಿಗೆ ಮಗುಚಿದರು. ಆಗಷ್ಟೇ ಬಂದಿದ್ದ ಗಂಡನನ್ನೂ ಅಡುಗೆಮನೆಯಲ್ಲಿದ್ದ ಅಮ್ಮನನ್ನೂ ಕರೆದು ತೋರಿಸಿದರು. ಇಬ್ಬರೂ ತಲೆ ತಗ್ಗಿಸಿ ನಿಂತರು.

"ಇದು ತಿಗಣೆ ಅಲ್ವಾ?" ಎಂದರು ಟೈಲರಕ್ಕ.

"ಗೊತ್ತು" ಎಂದರು ಡ್ರೈವರಣ್ಣ.

"ಗೊತ್ತು" ಎಂದರು ಅಜ್ಜಿ.

ಟೈಲರಕ್ಕ ಅವರ ಮುಖ ಇವರ ಮುಖ ನೋಡಿ ಹಾಸಿಗೆಯ ಅಂಚಿನ ಮೇಲೇ ಕೂತುಬಿಟ್ಟರಂತೆ. ನನಗೆ ಆಮೇಲೆ ಹೇಳುವಾಗ, ಅಳಬೇಕೋ ನಗಬೇಕೋ ತಿಳಿಯಲಿಲ್ಲ ಎಂದರು. ಆದರೆ ಅವರ ಹೆದರಿಕೆ ಬೇರೆಯೇ ಇತ್ತು. ಮನೆಗೆ ಊರವರ ಬಟ್ಟೆ ಬರುತ್ತದೆ. ಈ ಸುದ್ದಿ ಹೊರಗೆ ಬಿದ್ದರೆ ಒಂದು ಗುಂಡಿ ಹಾಕಿಸಲೂ ಯಾರೂ ಬರುವುದಿಲ್ಲ. ಹಾಗಾಗಿ, ಮೂವರ ಬಾಯಿಂದಲೂ ಇದು ಆಚೆ ಹೋಗಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಮಾತೇ ಆಡದ ಇಬ್ಬರಿಗೆ ಅದೇನೂ ಕಷ್ಟದ್ದಾಗಿರಲಿಲ್ಲ.

ಕಟ್ಟಡದಲ್ಲಿ ಮಾತ್ರ ಪಿಸುಮಾತು ಎದ್ದಿತ್ತು. ಯಾರೂ ತಮ್ಮ ಮನೆಯಲ್ಲಿದೆ ಎನ್ನರು. ಪಕ್ಕದ ಮನೆಯಲ್ಲಿ ಇರಬಹುದು ಎನ್ನುವರು. ಮೈ ತುರಿಸಿಕೊಳ್ಳುವವರೆಲ್ಲ ಸೆಕೆ ಎನ್ನುವರು, ಸೊಳ್ಳೆ ಎನ್ನುವರು, ಹೊಸ ಸಾಬೂನು ಒಗ್ಗಲಿಲ್ಲ ಎನ್ನುವರು. ಒಂದನೇ ಮಹಡಿಯ ಟೀಚರಮ್ಮ ತಮ್ಮ ಮಗುವಿಗೆ ಅಲರ್ಜಿ ಎಂದು ಎಲ್ಲರಿಗೂ ಹೇಳಿಟ್ಟಿದ್ದರು. ಕೊನೆಗೆ ಕೆಳಮನೆಯ ಬಾಡಿಗೆದಾರರೊಬ್ಬರು ಸತ್ತ ತಿಗಣೆಯೊಂದನ್ನು ಗಾಜಿನ ಶೀಷೆಯಲ್ಲಿ ಹಾಕಿ ಅಸೋಸಿಯೇಷನ್ ಅಧ್ಯಕ್ಷರ ಮೇಜಿನ ಮೇಲೆ ತಂದಿಟ್ಟರು. ಭಾನುವಾರ ಸಂಜೆ ತಾರಸಿಯ ಮೇಲೆ ಸಭೆ ಎಂದು ತೀರ್ಮಾನವಾಯಿತು.

ಅಧ್ಯಕ್ಷರು ಅಂಚೆ ಇಲಾಖೆಯಲ್ಲಿ ದೊಡ್ಡ ಕೆಲಸದಲ್ಲಿದ್ದು ನಿವೃತ್ತರಾದವರು. ಮನುಷ್ಯ ಒಳ್ಳೆಯವರೇ. ಆದರೆ ನಾಲ್ಕು ಜನ ಎದುರು ಕೂತರೆ ಭಾಷಣ ತಾನಾಗಿ ಬಂದುಬಿಡುತ್ತದೆ. ಶುಚಿತ್ವದಿಂದ ಶುರುಮಾಡಿ, ಶಿಸ್ತಿಗೆ ಬಂದು, ಕಡೆಗೆ, ನಾನು ಯಾರ ಹೆಸರನ್ನೂ ಹೇಳುವುದಿಲ್ಲ, ಆದರೆ ಯಾವ ಹಳೇ ಮರದ ಸಾಮಾನು ನಮ್ಮ ಮೆಟ್ಟಿಲು ಹತ್ತಿತು ಎಂಬುದನ್ನು ಎಲ್ಲರೂ ನೋಡಿದ್ದೇವೆ ಎಂದರು. ಅದನ್ನು ಕಟ್ಟಡದಿಂದ ಹೊರಗೆ ಹಾಕಿಸುವುದೇ ಮೊದಲ ಕೆಲಸ ಎಂದೂ ಸೇರಿಸಿದರು. ಎಲ್ಲರ ಕತ್ತೂ ನೀರಿನ ಟ್ಯಾಂಕಿನ ಕಡೆ ತಿರುಗಿತು. ಅಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜಿ ಕೂತಿದ್ದರು, ಪಕ್ಕದಲ್ಲಿ ಮಗಳು. ಅಜ್ಜಿ ಮಡಿಲಲ್ಲಿ ಕೈಯಿಟ್ಟುಕೊಂಡು ಆ ಕೈಗಳನ್ನೇ ನೋಡುತ್ತಿದ್ದರು. ಟೈಲರಕ್ಕನ ಮುಖ ಬಿಳಿಚಿಕೊಂಡಿತ್ತು.

ಹಿಂದೆ ಗೋಡೆಗೆ ಒರಗಿ ನಿಂತಿದ್ದ ಡ್ರೈವರಣ್ಣ ಮುಂದೆ ಬಂದರು. ಎಷ್ಟೋ ವರ್ಷದಿಂದ ಸಭೆಗೆ ಬರುತ್ತಿದ್ದರೂ ಅವರ ದನಿ ಅಲ್ಲಿ ಕೇಳಿದವರಿಲ್ಲ.

"ಮಂಚದಲ್ಲಿ ಬಂದಿದ್ದಲ್ಲ ಸಾರ್, ನಾನು ತಂದಿದ್ದು" ಎಂದರು. "ನಾವು ಮಲಗೋ ರೂಮಲ್ಲಿ ತಿಗಣೆ ಇದೆ. ನನ್ನ ಚೀಲದಲ್ಲಿ ಬಂದಿದೆ. ಹೊರಗೆ ಹಾಕೋದಾದ್ರೆ ನನ್ನ ಹಾಕಬೇಕು, ಮಂಚ ಏನ್ ಮಾಡ್ತು?"

ಟೈಲರಕ್ಕ ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ಕುರ್ಚಿ ಕಿರ್ ಎಂದಿತು. ಅಜ್ಜಿ ಎದ್ದು ನಿಂತಿದ್ದರು.

"ಅಳಿಯಂದ್ರು ಸುಳ್ಳು ಹೇಳ್ತಿದಾರೆ. ಬಂದಿದ್ದು ನನ್ನ ಮಂಚದಲ್ಲೇ. ಮೊದ್ಲು ಕಚ್ಚಿದ್ದು ನನಗೆ."

"ಅತ್ತೆ, ನೀವು ಕೂತ್ಕೊಳಿ."

"ನೀವೇ ಕೂತ್ಕೊಳಿ. ನನ್ನ ತಪ್ಪು ನೀವ್ಯಾಕೆ ಮೈಮೇಲೆ ಹಾಕ್ಕೋತೀರಾ?"

"ನನ್ನ ಚೀಲ ನನಗೆ ಗೊತ್ತಿಲ್ವಾ ಅತ್ತೆ?"

"ನನ್ನ ಮಂಚ ನನಗೆ ಗೊತ್ತಿಲ್ವಾ?"

ಹೀಗೆ ತಿಗಣೆ ನನ್ನದು, ನನ್ನದು ಎಂದು ಇಬ್ಬರು ಅಷ್ಟು ಜನರ ಎದುರು ಕಿತ್ತಾಡುವುದನ್ನು ನಾವು ಬಿಟ್ಟ ಬಾಯಿ ಬಿಟ್ಟಂತೆ ನೋಡಿದೆವು. ಮೊದಲು ಯಾರೋ ಒಬ್ಬರು ಮೂಗಿನಲ್ಲಿ ನಕ್ಕರು. ಟೈಲರಕ್ಕನೇ ಕಣ್ಣು ತೆರೆದು, ತಮ್ಮ ಮದುವೆಯಾದ ಮೇಲೆ ಇವರಿಬ್ಬರೂ ನೇರ ಮಾತಾಡಿದ್ದು ಇದೇ ಮೊದಲು ಎಂದು ಪಕ್ಕದಲ್ಲಿದ್ದ ನನ್ನ ಕಿವಿಯಲ್ಲಿ ಹೇಳಿದರು. ಹೇಳುವಾಗ ನಗುತ್ತಿದ್ದರು, ಕೆನ್ನೆಯ ಮೇಲೆ ನೀರೂ ಇಳಿಯುತ್ತಿತ್ತು.

ಆಗ ಒಂದನೇ ಮಹಡಿಯ ಟೀಚರಮ್ಮ ಮಗುವನ್ನು ಸೊಂಟದಿಂದ ಇಳಿಸಿ ಮುಂದೆ ಬಂದರು. ನಮ್ಮ ಮನೆಯಲ್ಲಿ ಹೋದ ವರ್ಷದಿಂದಲೇ ಇದೆ, ಆಗ ಈ ಮಂಚ ಬಂದೇ ಇರಲಿಲ್ಲ, ಹೇಳಲು ನಾಚಿಕೆಯಾಗಿ ಅಲರ್ಜಿ ಎಂದುಬಿಟ್ಟೆ ಎಂದರು. ಆಮೇಲೆ ಮೇಲಿನ ಮನೆಯವರು ಕೈಯೆತ್ತಿದರು, ನಾನೂ ಎತ್ತಿದೆ. ಅಧ್ಯಕ್ಷರು, ಹಾಗಾದರೆ ಎಷ್ಟು ಮನೆಯಾಯಿತು ಎಂದು ತಿರುಗಿ ತಿರುಗಿ ನೋಡುತ್ತಿರುವಾಗ ಅವರ ಹೆಂಡತಿ ಹಿಂದಿನಿಂದ, "ನಮ್ಮ ಸೋಫಾನೂ ಸೇರಿಸ್ಕೊಳಿ" ಎಂದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಆ ದಿನದ ಭಾಷಣ ಅಲ್ಲಿಗೆ ಮುಗಿಯಿತು. ಅವರ ಒಳ್ಳೆಯತನ ಇರುವುದು ಇಲ್ಲಿಯೇ. ಮರುದಿನ ತಾವೇ ಮೂರನೇ ಮಹಡಿ ಹತ್ತಿ ಬಂದು, ಅಜ್ಜಿಯ ಎದುರು ನಿಂತು, ತಪ್ಪಾಯಿತು ಎಂದು ಹೇಳಿ ಹೋದರು.

ತಿಗಣೆ ಎಲ್ಲಿಂದ ಬಂತು, ಯಾರು ತಂದದ್ದು ಎಂಬುದು ಕೊನೆಯವರೆಗೂ ಗೊತ್ತಾಗಲಿಲ್ಲ. ಗೊತ್ತಾಗುವ ಅಗತ್ಯವೂ ಉಳಿಯಲಿಲ್ಲ. ಔಷಧಿ ಹೊಡೆಯುವವರನ್ನು ಕರೆಸಿದಾಗ ಅವರು ಮನೆಮನೆ ತಿರುಗಿ, ಸ್ವಿಚ್ಚಿನ ಹಲಗೆ ಬಿಚ್ಚಿ, ಪರದೆಯ ಮಡಿಕೆ ಬಿಡಿಸಿ, ಕ್ಯಾಲೆಂಡರಿನ ಹಿಂದೆ ಟಾರ್ಚು ಬಿಟ್ಟು ನೋಡಿದರು. ಒಂದು ಮನೆಗೆ ಹೊಡೆದರೆ ಪಕ್ಕದ ಮನೆಗೆ ಓಡುತ್ತವೆ, ಇಡೀ ಕಟ್ಟಡಕ್ಕೆ ಒಟ್ಟಿಗೆ ಆಗಬೇಕು ಎಂದರು. ಮೊಟ್ಟೆಗೆ ಔಷಧಿ ತಾಗುವುದಿಲ್ಲ, ಮರಿ ಹೊರಬಂದ ಮೇಲೆ ಇನ್ನೊಮ್ಮೆ ಬರಬೇಕು ಎಂದೂ ಹೇಳಿದರು.

ಮುಂದಿನ ವಾರ ನಮ್ಮ ಕಟ್ಟಡದಲ್ಲಿ ಎಲ್ಲ ಮನೆಯ ಒಲೆಯ ಮೇಲೂ ಅಡುಗೆಗಿಂತ ಹೆಚ್ಚು ಬಟ್ಟೆ ಬೆಂದಿತು. ತೊಳೆದದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿದಿಟ್ಟೆವು. ಟೈಲರಕ್ಕನ ಬಳಿ ಬಟ್ಟೆ ಕೊಟ್ಟವರಿಗೆ ಸುದ್ದಿ ತಿಳಿದೇ ಇತ್ತು. ಕೆಲವರು ಬಂದು ವಾಪಸು ತೆಗೆದುಕೊಂಡು ಹೋದರು. ಉಳಿದವರ ಎದುರಿಗೇ ಅವರು ಒಂದೊಂದು ತುಂಡನ್ನೂ ಸುಡುವ ಇಸ್ತ್ರಿ ಪೆಟ್ಟಿಗೆಯಡಿ ಎಳೆದು, ಹೊಲಿಗೆ ಹೊಲಿಗೆಯನ್ನೂ ಒತ್ತಿ ಕೊಟ್ಟರು. ಔಷಧಿ ಹೊಡೆಯುವ ದಿನ ಇಡೀ ಕಟ್ಟಡ ಬೀಗ ಹಾಕಿ ರಸ್ತೆಯಾಚೆಯ ಉದ್ಯಾನಕ್ಕೆ ಹೋಗಿ ಕೂತಿತು. ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರೂ ಮುಖ ನೋಡಿ ನಕ್ಕು ಮುಂದೆ ಹೋಗುತ್ತಿದ್ದವರು ಅಂದು ಒಬ್ಬರ ಊಟದ ಡಬ್ಬಿಗೆ ಒಬ್ಬರು ಕೈ ಹಾಕಿದೆವು. ಡ್ರೈವರಣ್ಣ ಮರದ ಕೆಳಗೆ ಮುಖದ ಮೇಲೆ ಪತ್ರಿಕೆ ಮುಚ್ಚಿಕೊಂಡು ಮಲಗಿದ್ದರು. ಮಕ್ಕಳು ಕೂಗಾಡುತ್ತ ಆ ಕಡೆ ಬಂದಾಗಲೆಲ್ಲ ಅಜ್ಜಿಯ ಬೆರಳು ತುಟಿಗೆ ಹೋಗುತ್ತಿತ್ತು.

ಉಳಿದದ್ದು ಮಂಚದ ಪ್ರಶ್ನೆ. ಇಷ್ಟೊಂದು ಸಂದುಗೊಂದು ಇರುವ ಹಳೇ ಮರಕ್ಕೆ ಔಷಧಿ ಪೂರ್ತಿ ಇಳಿಯುವುದು ಕಷ್ಟ, ಆಸೆ ಬಿಡುವುದೇ ವಾಸಿ ಎಂದು ಔಷಧಿಯವರು ಹೇಳಿದ್ದರು. ಅಜ್ಜಿ ತಕ್ಷಣ ಒಪ್ಪಿಬಿಟ್ಟರು. ಒಡೆದು ಹಾಕಿ, ನನಗೂ ಅದರ ಮೇಲೆ ಹತ್ತಿ ಇಳಿದು ಸಾಕಾಗಿದೆ ಎಂದರು. ಮಂಚ ಇಲ್ಲದೆ ಬರುವುದಿಲ್ಲ ಎಂದವರು ಇವರೇನಾ ಎಂದು ಟೈಲರಕ್ಕ ಅಮ್ಮನ ಮುಖ ನೋಡಿದರು. ಜ್ವರ ಬಂದರೂ ರಜೆ ಕೇಳದ ಡ್ರೈವರಣ್ಣ ಡಿಪೋದಲ್ಲಿ ರಜೆ ಹಾಕಿ ಬಂದರು. ತಿಗಣೆ ಹೊರಗೆ ಉದುರದಂತೆ ಮಂಚವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೂವರನ್ನು ಕರೆದು ತಾರಸಿಗೆ ಹೊತ್ತು, ಸ್ಪ್ಯಾನರು, ಸುತ್ತಿಗೆ, ಉಳಿ ಹರಡಿಕೊಂಡು ಕೂತು ಒಂದೊಂದೇ ಭಾಗ ಬಿಚ್ಚತೊಡಗಿದರು.

ಸ್ವಲ್ಪ ಹೊತ್ತಿಗೆ ಅಜ್ಜಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಹೋದರು. ಹಿಂದೆಯೇ ಟೈಲರಕ್ಕ ಕುದಿಯುವ ನೀರಿನ ಪಾತ್ರೆ ಹಿಡಿದು ಹೋದರು. ನಾನು ಬಟ್ಟೆ ತೆಗೆಯಲು ಹೋದವಳು ನೋಡುತ್ತೇನೆ, ಅಳಿಯ ಮರದ ತುಂಡನ್ನು ಓರೆ ಮಾಡಿ ಹಿಡಿದಿದ್ದಾರೆ, ಅತ್ತೆ ಸೌಟಿನಿಂದ ಬಿಸಿನೀರನ್ನು ಸಂದಿಗೆ ಹೊಯ್ಯುತ್ತಿದ್ದಾರೆ. ಸೌಟಿನಿಂದ ತುಳುಕಿದ ಒಂದೆರಡು ಹನಿ ಅಳಿಯನ ಕೈಮೇಲೆ ಬಿದ್ದರೂ ಅವರು ತುಂಡು ಬಿಡಲಿಲ್ಲ.

ಮಂಚದ ಒಂದು ಕಾಲು ಗಿಡ್ಡ ಯಾಕೆ ಎಂದು ಡ್ರೈವರಣ್ಣ ಕೇಳಿದರು. ಅಜ್ಜಿ ಹೇಳಿದರು. ಅವರ ಯಜಮಾನರು ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವರು. ಯಾವುದೋ ವಸತಿಗೃಹ ಮುಚ್ಚಿದಾಗ ಅಲ್ಲಿಂದ ಈ ಮಂಚ ತಂದರು. ಇವರಿದ್ದ ಕೋಣೆಯ ನೆಲವೇ ಒಂದು ಮೂಲೆಯಲ್ಲಿ ಎದ್ದಿತ್ತು. ನೆಲ ಸರಿಮಾಡಿಸಿ ಎಂದರೆ ಮನೆ ಮಾಲೀಕ ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೇ ಮಂಚದ ಕಾಲನ್ನೇ ಗರಗಸದಿಂದ ಕೊಯ್ದು ನೆಲಕ್ಕೆ ಹೊಂದಿಸಿದರು. ಆ ಮನೆಯಲ್ಲಿ ಅದು ಎಂದೂ ಕುಂಟಲಿಲ್ಲ ಎಂದು ಅಜ್ಜಿ ನಕ್ಕರು. ಡ್ರೈವರಣ್ಣ ಆ ಕೊಯ್ದ ತುದಿಯನ್ನು ಬೆರಳಿನಿಂದ ಸವರಿ ನೋಡಿದರು.

ಆಮೇಲೆ ಅವರೂ ಹೇಳಿದರು. ಚಿಕ್ಕಂದಿನಲ್ಲೇ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸಕ್ಕೆ ಸೇರಿದ್ದು, ನಿಂತ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗುತ್ತಿದ್ದದ್ದು, ಆಮೇಲೆ ಕ್ಲೀನರ್ ಆಗಿ ಬಸ್ಸಿನ ಮೇಲೆ ಗಂಟುಮೂಟೆಗಳ ನಡುವೆ ಮಲಗಿದ್ದು. ಮದುವೆಯಾದ ಮೇಲೂ ಹಾಸಿಗೆ ನೆಲದ ಮೇಲೇ ಇತ್ತು.

"ಮಂಚ ಅಂತ ಮಲಗಿದ್ದು ನಿಮ್ಮದ್ರಲ್ಲೇ ಮೊದ್ಲು ಅತ್ತೆ" ಎಂದರು. "ಅದನ್ನ ಹೇಗೆ ಒಡೆಯೋದು?"

ಅಜ್ಜಿ ಸೌಟನ್ನು ಪಾತ್ರೆಯಲ್ಲಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ, ನೀರು ಆರಿಹೋಗುತ್ತಿದೆ, ಬೇಗ ಹಿಡೀರಿ ಎಂದರು.

ಒಣಗಿದ ಮೇಲೆ ಮರದ ಪ್ರತಿ ತೂತು, ಪ್ರತಿ ಬಿರುಕನ್ನೂ ಇಬ್ಬರೂ ಮೇಣದಿಂದ ಮುಚ್ಚಿದರು. ಎರಡನೇ ಸಲ ಔಷಧಿ ಹೊಡೆದಾದ ಮೇಲೆ ಮಂಚ ಮತ್ತೆ ಹಾಲಿಗೆ ಬಂತು. ಗೋಡೆಗೆ ತಾಗದಂತೆ ಸ್ವಲ್ಪ ಈಚೆ ನಿಂತಿತು, ಕಾಲುಗಳು ಸೋಪಿನ ನೀರಿನ ಬಟ್ಟಲುಗಳಲ್ಲಿ. ಕಲೆ ಬಿದ್ದರೆ ಕಾಣಲೆಂದು ಅಪ್ಪಟ ಬಿಳಿ ಹೊದಿಕೆ. ಪಾಳಿ ಬದಲಾಗುವಾಗ ಇಬ್ಬರೂ ಬಗ್ಗಿ ಹೊದಿಕೆ ಪರೀಕ್ಷೆ ಮಾಡಿ ಒಬ್ಬರಿಗೊಬ್ಬರು ವರದಿ ಒಪ್ಪಿಸುವರು. ಕೆಲವು ವಾರ ಏನೂ ಕಾಣದೆ ಎಲ್ಲರೂ ನಿಟ್ಟುಸಿರು ಬಿಟ್ಟಾಗ ಟೀಚರಮ್ಮನ ಮನೆಯಲ್ಲಿ ಮತ್ತೆ ಒಂದು ಸಿಕ್ಕಿತು. ಈ ಸಲ ಅವರು ಮುಚ್ಚಿಡಲಿಲ್ಲ. ನೇರ ಮೆಟ್ಟಿಲಿಗೆ ಬಂದು ಎಲ್ಲರಿಗೂ ಕೂಗಿ ಹೇಳಿದರು. ಮೂರನೇ ಸಲವೂ ಔಷಧಿಯವರು ಬಂದರು, ಮೂರನೇ ಸಲವೂ ಉದ್ಯಾನದಲ್ಲಿ ಡಬ್ಬಿಗಳು ಬಿಚ್ಚಿಕೊಂಡವು. ಅದಾದ ಮೇಲೆ ತಿಗಣೆಯ ಸುಳಿವಿಲ್ಲ. ಬಟ್ಟೆ ವಾಪಸು ಒಯ್ದವರೂ ಒಬ್ಬೊಬ್ಬರಾಗಿ ಟೈಲರಕ್ಕನ ಹತ್ತಿರ ಬಂದರು. ಅವರಷ್ಟು ನೇರ ಹೊಲಿಗೆ ಹಾಕುವವರು ಬೇರೆ ಸಿಗಬೇಕಲ್ಲ.

ಈಗ ಡ್ರೈವರಣ್ಣನಿಗೆ ವಯಸ್ಸಾಯಿತೆಂದು ಡಿಪೋದವರು ಹಗಲಿನ ದಾರಿಗೆ ಹಾಕಿದ್ದಾರೆ. ಮಂಚದ ಎರಡೂ ಪಾಳಿ ಅಜ್ಜಿಯದೇ. ಮೊದಲ ತಿಂಗಳಲ್ಲೇ ಅವರು ಅತ್ತೆಯನ್ನು ತಮ್ಮ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಅಷ್ಟು ವರ್ಷ ಅಳಿಯ ಡ್ರೈವರ್ ಆಗಿದ್ದರೂ ಅವರು ಬಸ್ಸು ಓಡಿಸುವುದನ್ನು ಅಜ್ಜಿ ನೋಡಿರಲಿಲ್ಲ. ಡ್ರೈವರ್ ಸೀಟಿನ ಹಿಂದಿನ ಕಿಟಕಿಯ ಪಕ್ಕ ಕೂತು ಹೋಗುವಾಗಲೂ ಬರುವಾಗಲೂ ಕಣ್ಣು ಮಿಟುಕಿಸದೆ ದಾರಿ ನೋಡಿದರಂತೆ. ಪಕ್ಕದಲ್ಲಿ ಯಾರು ಬಂದು ಕೂತರೂ, ಓಡಿಸ್ತಿರೋದು ನಮ್ಮ ಅಳಿಯಂದ್ರು ಎಂದು ತಿಳಿಸಿದರಂತೆ. ಮನೆಗೆ ಬಂದ ಮೇಲೆ ಶುರುವಾಯಿತು. ಸೇತುವೆಯ ಹತ್ತಿರ ಅಷ್ಟು ಜೋರು ಯಾಕೆ ಹೋದಿರಿ, ಮಗು ಎತ್ತಿಕೊಂಡಿದ್ದ ಹೆಂಗಸು ಕೂರುವವರೆಗೆ ಕಾಯಬಾರದಿತ್ತೇ, ಆ ಲಾರಿಯವನಿಗೆ ದಾರಿ ಬಿಟ್ಟಿದ್ದು ಮಾತ್ರ ಒಳ್ಳೆಯದಾಯಿತು.

ಅಂದಿನಿಂದ ಸಂಜೆಯ ಹೊತ್ತು ನಮ್ಮ ಬಾಗಿಲು ತೆರೆದಿದ್ದರೆ ಎದುರು ಮನೆಯಿಂದ ಅತ್ತೆ ಅಳಿಯನ ಚರ್ಚೆ ಕೇಳಿಸುತ್ತದೆ. ಇವರ ಮಧ್ಯೆ ಮಾತು ಸಾಗಿಸಿ ಸಾಕಾಗಿತ್ತು, ಈಗ ಬಿಡಿಸಿ ಸಾಕಾಗಿದೆ ಎಂದು ಟೈಲರಕ್ಕ ದೂರುತ್ತಾರೆ. ಮೊನ್ನೆ ನಾನು ಅಂಗಿಯ ತೋಳು ಚಿಕ್ಕದು ಮಾಡಿಸಲು ಹೋದಾಗ ಅಜ್ಜಿ ಮಂಚದ ಮೇಲೆ ಕಾಲು ನೀಡಿ ಕೂತಿದ್ದರು, ಡ್ರೈವರಣ್ಣ ಕೆಳಗೆ ಕೂತು ಅವರಿಗೆ ಹಣ್ಣು ಹೆಚ್ಚಿಕೊಡುತ್ತಿದ್ದರು.

"ಶಾಲೆ ತಿರುವಲ್ಲಿ ನೀವು ಹಾರ್ನ್ ಹೊಡೀಬೇಕಿತ್ತು" ಎಂದರು ಅಜ್ಜಿ.

"ಅಲ್ಲಿ ಹೊಡೀಬಾರ್ದು ಅಂತ ಬೋರ್ಡ್ ಇದೆ ಅತ್ತೆ."

"ಬೋರ್ಡ್ ಮಕ್ಕಳಿಗೆ ಅಡ್ಡ ನಿಲ್ಲುತ್ತಾ?"

ಡ್ರೈವರಣ್ಣ ಚಾಕು ಕೆಳಗಿಟ್ಟು ಯೋಚಿಸಿದರು. ನಾಳೆಯಿಂದ ಅಲ್ಲಿ ಇನ್ನೂ ನಿಧಾನ ಹೋಗ್ತೀನಿ ಎಂದು ಗಂಭೀರವಾಗಿ ಒಪ್ಪಿಕೊಂಡರು.